ಆಯಿ ಹೇಳ್ತಾಳ

ದವಾಖಾನೆಗೆ ಹೋಗುವುದೆಂದರೆ ಗಂಗಾಂಬಿಕವ್ವನಿಗೆ ಮದುವೆಗೆ ಹೊರಟಷ್ಟೇ ಸಡಗರ. ಬನಹಟ್ಟಿಯಲ್ಲಿ ಸೀರೆ ವ್ಯಾಪಾರದ ಮನೆತನ, ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುವ ಮನೆತನ. ಅಂಥ ಮನೆಯವರು ಹೊಲಸು ಮೈಯಲ್ಲಿ, ಕೆದರಿದ ತಲೆಯಲ್ಲಿ ಡಾಕ್ಟರ ಮುಂದೆ ಕೂತರೆ ಏನು ಚೆಂದ? ಹಲ್ಲು ಕೀಳಿಸಲು ಹೊರಟ ಗಂಡ ಚನಮಲ್ಲಪ್ಪನಿಗೂ ಮೊದಲು ಕ್ಷೌರ ಮಾಡಿಸಿ, ಇಸ್ತ್ರಿ ಹಾಕಿದ ಧೋತರ ಉಡಿಸಿ ಕಳಿಸಿದ ಪುಣ್ಯಾತಗಿತ್ತಿ ಆಕೆ. ದವಡೆ ಊದಿದ ಮನುಷ್ಯನ ಗಡ್ಡ ಹೆರೆಯುವಾಗ ಕ್ಷೌರದವನ ಕಣ್ಣಲ್ಲೇ ನೀರು ಬಂದಿತ್ತಂತೆ.

ಅವತ್ತು ಹೊರಟದ್ದು ಮೊಮ್ಮಗಳು ಮಾದೇವಿಯ ಸಲುವಾಗಿ. ಐದು ವರ್ಷದ ಹುಡುಗಿ. ಮನೆತನದ ಹಿರಿಯಳ ಹೆಸರಿಟ್ಟಿದ್ದರು, ಕರೆಯುವುದು ಮಾದೂ ಅಂತ. ತೊಟ್ಟಿಲಲ್ಲಿ ಇದ್ದಾಗಿನಿಂದ ಆಕೆಯ ಮೈಗೆ ಇಸಬು ಹತ್ತಿತ್ತು. ಮೊಣಕೈ ಮಡಿಕೆ, ಮೊಣಕಾಲಿನ ಹಿಂದುಗಡೆ, ಕುತ್ತಿಗೆ, ಕಣ್ಣರೆಪ್ಪೆ ಎಲ್ಲ ಕೆಂಪಗಾಗಿ ಒಡೆಯುವುದು, ಕೆರೆದಲ್ಲೆಲ್ಲ ನೀರು ಜಿನುಗುವುದು, ಒಣಗಿ ಹೊಪ್ಪಳೆಯಾಗಿ ಮತ್ತೆ ಒಡೆಯುವುದು. ಈ ಸಲದ ಚಳಿಗೆ ಬೆನ್ನಿಗೂ ಇಳಿದಿತ್ತು. ಮಗು ನಿದ್ದೆಗಣ್ಣಲ್ಲೇ ಪರಚಿಕೊಳ್ಳುವುದು, ತಾಯಿ ಕಾಂಚನಾ ಅದರ ಎರಡೂ ಕೈ ಹಿಡಿದು ಕೂತು ಬೆಳಗು ಮಾಡುವುದು, ಎದ್ದ ಮೇಲೆ ಹಾಸಿಗೆಗೆ ಹತ್ತಿದ ರಕ್ತದ ಕಲೆ ಒಗೆಯುವುದು, ಇದು ಆ ಮನೆಯ ದಿನದ ಪಾಡು. ಓಣಿಯ ತುಂಬ ಮಗ್ಗಗಳ ಸದ್ದು. ಹುಟ್ಟಿದಾಗಿನಿಂದ ಕೇಳಿದ್ದರಿಂದ ಗಂಗಾಂಬಿಕವ್ವನಿಗೆ ಮಗ್ಗದ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾದೂ ಕೆರೆದುಕೊಳ್ಳುವ ಕರಕರ ಮಾತ್ರ ಕೇಳಿಸುತ್ತಿತ್ತು. ಕೇಳಿಸಿದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದಳು.

ಪ್ರೀತಿ ಇರಲಿಲ್ಲವೆಂದು ಯಾರಾದರೂ ಅಂದರೆ ಅವರ ನಾಲಗೆಗೆ ಹುಳ ಬೀಳಲಿ. ಮಾದೂ ಅಂದರೆ ಆಕೆಗೆ ಜೀವ. ಹುಡುಗಿ ಆಕೆಯನ್ನು ಆಯಿ ಅಂತ ಕರೆದರೆ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡುತ್ತಿದ್ದಳು. ಮಗು ಕಣ್ಣು ಉಜ್ಜಿಕೊಳ್ಳಲು ಹೋದರೆ ಆ ಕೈ ಸರಿಸಿ, ರೆಪ್ಪೆಗೆ ತಾನೇ ಮುದ್ದು ಕೊಟ್ಟು ಊದುತ್ತಿದ್ದಳು. ಮುದ್ದು ಕೊಟ್ಟರೆ ತುರಿಕೆ ಹೋಗುತ್ತದೆ ಅಂತ ಅಜ್ಜಿ ಮೊಮ್ಮಗಳ ನಡುವೆ ಒಂದು ಒಪ್ಪಂದವೇ ಆಗಿತ್ತು.

ಆದರೆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಮಗಳು ಮಧುಮತಿ. ಡಿಗ್ರಿ ಮುಗಿಸಿ, ಗಂಡಿನ ದಾರಿ ಕಾಯುತ್ತ ಕೂತವಳು. ಹೋದ ವರ್ಷ ವಿಜಯಪುರದ ಕಡೆಯಿಂದ ನೋಡಲು ಬಂದವರು ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿಯನ್ನು ಮೆಚ್ಚಿಯೂ ಮೆಚ್ಚಿದರು. ಅಷ್ಟರಲ್ಲಿ ಮಾದೂ ನಡುಮನೆಗೆ ಬಂದು ಎಲ್ಲರೆದುರು ಕುತ್ತಿಗೆ ಪರಚಿಕೊಂಡಳು. ವಾರದೊಳಗೆ ಸುದ್ದಿ ಬಂತು: ಹುಡುಗಿಗೆ ಏನೂ ಕೊರತೆ ಇಲ್ಲ, ಆದರೆ ಆ ಮನೆತನದ ರಕ್ತದಲ್ಲಿ ಏನೋ ಇದೆ. ಅವತ್ತಿನಿಂದ ಗಂಗಾಂಬಿಕವ್ವನ ಬಾಯಲ್ಲಿ ಇಸಬು ಅನ್ನುವ ಶಬ್ದವೇ ಸತ್ತುಹೋಯಿತು. ಈಗ ರನ್ನ ಬೆಳಗಲಿಯ ಪರಮಾನಂದ ಅನ್ನುವ ಹುಡುಗ ಒಪ್ಪಿದ್ದ. ನೀರಾವರಿ ಹೊಲ, ಮುಧೋಳದಲ್ಲಿ ಗೊಬ್ಬರದ ಅಂಗಡಿ. ನಿಶ್ಚಯ ಮಾಡುವುದೊಂದೇ ಬಾಕಿ ಇತ್ತು. ಅಷ್ಟರವರೆಗೆ ಮೊಮ್ಮಗಳ ಮೈ ಯಾರ ಕಣ್ಣಿಗೂ ಬೀಳಬಾರದು, ಆದರೆ ವಾಸಿಯೂ ಆಗಬೇಕು. ಎರಡೂ ಹೇಗೆ ಆಗುತ್ತದೆಂದು ಆಕೆಯನ್ನು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಬೆಳಿಗ್ಗೆಯೇ ಮಾದೂಗೆ ಬಿಸಿನೀರು ಹಾಕಿ, ಮೈತುಂಬ ಕೊಬ್ಬರಿ ಎಣ್ಣೆ ತಿಕ್ಕಿ ಚರ್ಮ ಫಳಫಳ ಹೊಳೆಯುವ ಹಾಗೆ ಮಾಡಿದಳು. ಹಣೆಗೂ ತೋಳಿಗೂ ವಿಭೂತಿ ಎಳೆದಳು. ಮುಖಕ್ಕೆ ಪೌಡರು, ಕಣ್ಣಿಗೆ ಕಾಡಿಗೆ, ಕೈತುಂಬ ಮುಚ್ಚುವ ಹೊಸ ಅಂಗಿ. ಎಣ್ಣೆ ಹಚ್ಚುವುದು ಬೇಡ, ಮೈ ಹೇಗಿದೆಯೋ ಹಾಗೇ ಡಾಕ್ಟರು ನೋಡಲಿ ಅಂತ ಕಾಂಚನಾ ಮೆಲ್ಲಗೆ ಅಂದದ್ದಕ್ಕೆ, ಡಾಕ್ಟರಿಗೆ ಮಗು ತೋರಿಸುತ್ತೀಯೋ ಹೊಲಸು ತೋರಿಸುತ್ತೀಯೋ ಅಂತ ಮುಖಕ್ಕೆ ಹೊಡೆದ ಹಾಗೆ ಉತ್ತರ ಬಂತು. ರೋಗ ತೋರಿಸಲು ಹೊರಟವರು ರೋಗವನ್ನೇ ತೊಳೆದು, ತೀಡಿ, ಅಂಗಿ ತೊಡಿಸಿ ಮುಚ್ಚಿಕೊಂಡು ಹೋದರೆ ಡಾಕ್ಟರಾದವಳು ನೋಡುವುದಾದರೂ ಏನನ್ನು? ನಮ್ಮ ಕಡೆ ಇದನ್ನು ಮರ್ಯಾದೆ ಅನ್ನುತ್ತಾರೆ.

ಹೊಸ್ತಿಲು ದಾಟುವ ಮುಂಚೆ ಮಾದೂಗೆ ಪಾಠವೂ ಆಯಿತು.

"ಡಾಕ್ಟರ್ ಏನ ಕೇಳಿದ್ರೂ ಆಯಿ ಹೇಳ್ತಾಳ. ನೀ ಸುಮ್ಕಿರು."

ಮಾದೂ ತಲೆಯಾಡಿಸಿದಳು. ಆಜ್ಞೆ ಪಾಲಿಸುವುದರಲ್ಲಿ ಆ ಹುಡುಗಿಯದು ಎತ್ತಿದ ಕೈ.

ಜಮಖಂಡಿಯ ಚರ್ಮದ ಡಾಕ್ಟರು ಶೀತಲ್ ಇನ್ನೂ ಎಳೆಯ ಹುಡುಗಿ, ಹೊಸದಾಗಿ ಬಂದವಳು. ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನ ನಂಬರಿನವರು ಒಳಗೆ ಬಂದು ಬೆಂಚಿನ ಮೇಲೆ ಕೂತುಬಿಡುವುದು ನಮ್ಮ ಕಡೆಯ ಪದ್ಧತಿ. ಹೊರಗೆ ಕೂಡಿರಿ ಅಂತ ಹೇಳಿ ಹೇಳಿ ಆಕೆ ಸೋತಿದ್ದಳು. ಗಂಗಾಂಬಿಕವ್ವ ಮಾದೂನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಂಚನಾಳನ್ನು ಹಿಂದೆ ನಿಲ್ಲಿಸಿ, ತಾನು ಮುಂದಿನ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಆಗ ಬೆಂಚಿನಿಂದ ಯಾರೋ, ಬನಹಟ್ಟಿ ಗಂಗಾಂಬಿಕವ್ವಾರಲ್ರೀ ಅಂದರು. ತಿರುಗಿದರೆ ರನ್ನ ಬೆಳಗಲಿಯ ರತ್ನಾಬಾಯಿ! ಪರಮಾನಂದನ ಸೋದರತ್ತೆ. ಆ ಮನೆಯಲ್ಲಿ ಹೂಂ ಅನ್ನುವುದೂ ಊಹೂಂ ಅನ್ನುವುದೂ ಆಕೆಯ ಕೈಯಲ್ಲಿತ್ತು. ಮಡಿಲಲ್ಲಿ ಶಾಲು ಹೊದಿಸಿದ ಕೂಸೊಂದು ಮಲಗಿತ್ತು. ಗಂಗಾಂಬಿಕವ್ವನಿಗೆ ಶಾಲೂ ಕಾಣಲಿಲ್ಲ, ಕೂಸೂ ಕಾಣಲಿಲ್ಲ.  ನಗು ತಂದುಕೊಂಡು, ಹುಡುಗಿಗೆ ಒಂದಿಷ್ಟು ಬೆವರುಗುಳ್ಳೆ ಎದ್ದಿವೆ, ಅದಕ್ಕೇ ಬಂದಿದ್ದು ಅಂದಳು. ಮಾಗಿಯ ಚಳಿಯಲ್ಲಿ ಬೆವರುಗುಳ್ಳೆ! ಸುಳ್ಳು ಹೇಳಲಿಕ್ಕೂ ಒಂದಿಷ್ಟು ಪುರಸೊತ್ತು ಬೇಕಾಗುತ್ತದೆ.

ಡಾಕ್ಟರು ಮಾದೂನ ಕೈ ತೆಗೆದುಕೊಂಡು, ನಿನ್ನ ಈ ಅಂಗೈ ಅಂದರೆ ನಿನ್ನ ಮೈಯ ನೂರರಲ್ಲಿ ಒಂದು ಪಾಲು, ಎಲ್ಲೆಲ್ಲಿ ತುರಿಕೆ ಇದೆಯೋ ಅಲ್ಲಲ್ಲಿ ಇಟ್ಟು ಎಣಿಸೋಣ ಅಂದಳು. ಮಾದೂಗೆ ಇದು ಆಟವಾಗಿ ಕಂಡಿತು. ಮೊಣಕೈ ಮಡಿಕೆಯ ಮೇಲೆ ಅಂಗೈ ಇಟ್ಟಳು, ಕುತ್ತಿಗೆಯ ಮೇಲೆ ಇಟ್ಟಳು. ಅಂಗಿ ತೆಗೆಯಿರಿ, ಬೆನ್ನು ನೋಡಬೇಕು ಅಂದಾಗ ಮಾತ್ರ ಗಂಗಾಂಬಿಕವ್ವ ಬೆನ್ನಿಗೆ ಏನೂ ಇಲ್ಲವೆಂದಳು, ಚಳಿಯಲ್ಲಿ ಅಂಗಿ ತೆಗೆದರೆ ನೆಗಡಿಯಾಗುತ್ತದೆಂದಳು. ಬೆಂಚಿನ ಮೇಲಿದ್ದ ಎರಡು ಕಣ್ಣು ತನ್ನ ಬೆನ್ನು ಸುಡುತ್ತಿವೆಯೆಂದು ಆಕೆಗೆ ಅನಿಸುತ್ತಿತ್ತು.

"ನಾ ಕಣ್ಲೆ ನೋಡೂದು ಬರೇ ಅರ್ಧಾರಿ," ಅಂದಳು ಡಾಕ್ಟರು. "ಉಳದ ಅರ್ಧಾ ಮನಿಯವರ ಹೇಳಬೇಕು. ತುರಿಕಿ ಎಷ್ಟೈತಿ, ರಾತ್ರಿ ನಿದ್ದಿ ಹತ್ತತೈತೋ ಇಲ್ಲೋ. ಏನೂ ಇಲ್ಲಂದ್ರ ಸೊನ್ನಿ, ತಡಕೊಳ್ಳಾಕ ಆಗೂದಿಲ್ಲಂದ್ರ ಹತ್ತು. ಎಷ್ಟ ಬರೀಲಿ?"

"ಎರಡು ಬರೀರಿ," ಅಂದಳು ಗಂಗಾಂಬಿಕವ್ವ. ಬೆಂಚಿಗೂ ಕೇಳಿಸುವ ಹಾಗೆ ಅಂದಳು. "ಛಲೋ ನಿದ್ದಿ ಮಾಡ್ತಾಳ್ರಿ. ಬೆಳಕ ಹರದ ಮ್ಯಾಲೆ ನಾ ಎಬ್ಬಿಸಬೇಕು, ಹಂಗ ಮಲಗ್ತಾಳ."

ಕಾಂಚನಾಳ ಬಾಯಿ ತೆರೆದದ್ದು ಡಾಕ್ಟರಿಗೆ ಕಂಡಿತು. ತಾಯಿ ನೀವು ಹೇಳಿ ಅಂದಳು. ಅತ್ತೆ ಹಿಂತಿರುಗಿ ಒಂದು ಸಲ ನೋಡಿದಳು, ಅಷ್ಟೇ. ಅತ್ತೆ ಹೇಳಿದ ಹಾಗೇ ಅಂತ ಕಾಂಚನಾ ನೆಲಕ್ಕೆ ಹೇಳಿದಳು. ಡಾಕ್ಟರಿಗೆ ಇನ್ನೂ ಅನುಮಾನ ಹೋಗಿರಲಿಲ್ಲ. ಮಾದೂನ ಗಲ್ಲ ಹಿಡಿದು, ನಿನಗೆ ರಾತ್ರಿ ನಿದ್ದೆ ಬರುತ್ತದೇನವ್ವಾ ಅಂತ ಕೇಳಿದಳು.

"ಆಯಿ ಹೇಳ್ತಾಳ," ಅಂದಳು ಮಾದೂ.

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕಳು. ರತ್ನಾಬಾಯಿಯಂತೂ, ಎಂಥ ಶಾಣ್ಯಾ ಹುಡುಗಿ ಅಂತ ಹೊಗಳಿದಳು. ಎಣ್ಣೆಯ ಹೊಳಪಿನಲ್ಲಿ ಒಣ ಚರ್ಮ ಕಾಣಲಿಲ್ಲ, ಬೆನ್ನು ಅಂಗಿಯೊಳಗೇ ಉಳಿಯಿತು, ನಿದ್ದೆಯ ಲೆಕ್ಕ ಎರಡಾಯಿತು. ಇಸಬು ಸಣ್ಣ ಪ್ರಮಾಣದ್ದು ಅಂತ ಬರೆದು, ಸೌಮ್ಯವಾದೊಂದು ಮುಲಾಮನ್ನೂ ಮೈಗೆ ಹಚ್ಚುವ ಕ್ರೀಮನ್ನೂ ಕೊಟ್ಟಳು. ಕಮ್ಮಿಯಾಗದಿದ್ದರೆ ಬೇಗ ಕರೆತನ್ನಿ, ಜ್ವರ ಬಂದು ನೀರುಗುಳ್ಳೆ ಎದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ ಅಂತ ಎರಡೆರಡು ಸಲ ಹೇಳಿದಳು. ಗಂಗಾಂಬಿಕವ್ವ ಆಗಲೇ ರತ್ನಾಬಾಯಿಯನ್ನು ಮನೆಗೆ ಕರೆಯುವುದರಲ್ಲಿದ್ದಳು. ಕೇಳಿಸಿಕೊಂಡವಳು ಕಾಂಚನಾ ಒಬ್ಬಳೇ.

ಸಣ್ಣ ಇಸಬಿಗೆ ಕೊಟ್ಟ ಮುಲಾಮು ದೊಡ್ಡ ಇಸಬಿಗೆ ಎಲ್ಲಿ ಸಾಲುತ್ತದೆ? ಮೊಣಕೈ ಒಂದಿಷ್ಟು ತಿಳಿಯಾಯಿತು, ಬೆನ್ನು ಇನ್ನಷ್ಟು ಒಡೆಯಿತು. ಮತ್ತೆ ಜಮಖಂಡಿಗೆ ಹೋಗೋಣವೆಂದು ಕಾಂಚನಾ ಕೇಳಿದಾಗಲೆಲ್ಲ, ನಿಶ್ಚಯ ಮುಗಿಯಲಿ ಅಂತ ಅತ್ತೆ ತಳ್ಳುತ್ತ ಬಂದಳು. ಆ ನಡುವೆ ಗಂಗಾಂಬಿಕವ್ವನಿಗೇ ಜ್ವರ ಬಂದು ಹೋಯಿತು. ಬಿಟ್ಟು ಹೋಗುವಾಗ ತುಟಿಯ ಅಂಚಿಗೆ ಉರಿಯುವ ಗುಳ್ಳೆಗಳನ್ನು ಎಬ್ಬಿಸಿ ಹೋಯಿತು. ತುಟಿಗುಳ್ಳೆ ಯಾರಿಗೆ ಏಳುವುದಿಲ್ಲ? ತುಪ್ಪ ಸವರಿಕೊಂಡು ಸುಮ್ಮನಾದಳು. ಮಾದೂ ಕಣ್ಣು ಉಜ್ಜಿಕೊಂಡಾಗ ಎಂದಿನಂತೆ ಕೈ ಸರಿಸಿ ರೆಪ್ಪೆಗೆ ಮುದ್ದು ಕೊಟ್ಟಳು.

ಒಂದು ಮುಂಜಾನೆ ಮಾದೂ ಏಳಲಿಲ್ಲ. ಮೈ ಕಾದ ಹಂಚು. ಕುತ್ತಿಗೆ, ಮೊಣಕೈ, ಕಣ್ಣಿನ ಸುತ್ತ ಸಣ್ಣ ಸಣ್ಣ ನೀರುಗುಳ್ಳೆಗಳು. ಕಾಂಚನಾ ಅತ್ತೆಯನ್ನು ಕೂಗಿದಳು. ಗಂಗಾಂಬಿಕವ್ವ ಬಾಗಿ ನೋಡಿ ಎರಡೂ ಕೈ ಜೋಡಿಸಿದಳು. ಅಮ್ಮ ಬಂದಾಳ ಅಂದಳು.

ಆಕೆಯ ದನಿಯಲ್ಲಿ ಭಯ ಇತ್ತು, ಭಕ್ತಿ ಇತ್ತು. ಅದರ ಅಡಿಯಲ್ಲಿ ನಿರಾಳವೂ ಇತ್ತು. ಇಸಬು ಅನ್ನಲು ಬಾಯಿ ಬರುತ್ತಿರಲಿಲ್ಲ, ಅಮ್ಮ ಅನ್ನಲು ಯಾತರ ನಾಚಿಕೆ? ಸಿಡುಬಿನ ತಾಯಿ ಮನೆಗೆ ಬಂದರೆ ಯಾರೂ ಮೂಗು ಮುರಿಯುವುದಿಲ್ಲ, ರಕ್ತದಲ್ಲಿ ಏನೋ ಇದೆ ಅನ್ನುವುದಿಲ್ಲ. ದೂರದಿಂದ ಕೈ ಮುಗಿದು ಹೋಗುತ್ತಾರೆ. ಇಷ್ಟು ದಿನ ಮುಚ್ಚಿಟ್ಟ ಮೈಗೆ ಈಗ ಊರೆಲ್ಲ ಒಪ್ಪುವ ಒಂದು ಹೆಸರು ಸಿಕ್ಕಿತ್ತು. ತಾನೇ ಫೋನು ಹಚ್ಚಿ ರತ್ನಾಬಾಯಿಗೆ ತಿಳಿಸಿದಳು. ತಾಯಿ ಬಂದ ಮನೆಗೆ ನಾವೇನು ಅನ್ನುವುದು, ಆಕೆ ಹೋದ ಮೇಲೆ ನಿಶ್ಚಯ ಮಾಡಿದರಾಯಿತು ಅಂತ ಆ ಕಡೆಯಿಂದ ಉತ್ತರ ಬಂತು. ಫೋನು ಇಟ್ಟ ಗಂಗಾಂಬಿಕವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ತಲಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದಳು. ಒಲೆಯ ಮೇಲೆ ಒಗ್ಗರಣೆ ನಿಂತಿತು. ಮಾದೂಗೆ ಬೇವಿನೆಲೆಯ ಹಾಸಿಗೆ, ಮೊಸರನ್ನ. ಸ್ನಾನವಿಲ್ಲ, ಮುಲಾಮಿಲ್ಲ, ಗುಳಿಗೆ ಇಲ್ಲ. ತಾಯಿ ಇರುವಾಗ ಔಷಧ ಮುಟ್ಟಿಸಿದರೆ ಆಕೆ ಕಣ್ಣು ತೆಗೆಯುತ್ತಾಳೆ ಅಂತ ಸೊಸೆಗೆ ತಾಕೀತು ಮಾಡಿದಳು. ಜ್ವರ, ನೀರುಗುಳ್ಳೆ ಅಂತ ಡಾಕ್ಟರು ಹೇಳಿದ್ದನ್ನು ಕಾಂಚನಾ ನೆನಪಿಸಿದಳು. ಆ ಎಳೆ ಡಾಕ್ಟರು ಎಷ್ಟು ಅಮ್ಮ ನೋಡಿದ್ದಾಳೆ, ನಾನು ಮೂರು ಮಕ್ಕಳಿಗೆ ನೋಡಿದ್ದೇನೆ ಅಂತ ಅತ್ತೆ ಬಾಯಿ ಮುಚ್ಚಿಸಿದಳು.

ಕಾಂಚನಾಳ ಗಂಡ ಕಲ್ಮೇಶನಿಗೆ ಬಾಡಗಂಡಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಕಬ್ಬು ನುರಿಸುವ ದಿನಗಳಲ್ಲಿ ಅಲ್ಲಿಯೇ ವಸತಿ. ಹೆಂಡತಿ ಅಳುತ್ತ ಹೇಳಿದ್ದನ್ನು ಕೇಳಿ ತಾಯಿಗೆ ಫೋನು ಹಚ್ಚಿದ. ಆಕೆ, ಅಮ್ಮ ಬಂದಾಳ ಅಂದಳು, ಹೊರಗಿನ ಕಾಲು ಒಳಗೆ ಬರಬಾರದು, ನೀನೂ ಬರಬೇಡ ಅಂದಳು. ತಾಯಿಗಿಂತ ಹೆಚ್ಚು ತನಗೇನು ತಿಳಿದೀತು ಅಂತ ಕಲ್ಮೇಶ ಸುಮ್ಮನಾದ. ಚನಮಲ್ಲಪ್ಪನಂತೂ ಆ ಮನೆಯಲ್ಲಿ ಸುಮ್ಮನಿರುವುದನ್ನೇ ಕಸುಬು ಮಾಡಿಕೊಂಡವನು. ಅಂಗಡಿಗೆ ಹೋಗುತ್ತಿದ್ದ, ಬರುತ್ತಿದ್ದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಗಾಂಬಿಕವ್ವನಿಗೆ ಗೊತ್ತಾಗಿತ್ತು. ಮೂರು ಮಕ್ಕಳಿಗೆ ಬಂದ ಅಮ್ಮನನ್ನು ನೋಡಿದವಳಿಗೆ ಗೊತ್ತಾಗದೇ ಇರುತ್ತದೆಯೇ? ಅಮ್ಮನ ಗುಳ್ಳೆ ಮೊದಲು ಹೊಟ್ಟೆ ಎದೆಗೆ ಏಳುತ್ತದೆ. ಒಂದು ದೊಡ್ಡದು, ಒಂದು ಸಣ್ಣದು, ಒಂದು ಬಾಡುವಾಗ ಇನ್ನೊಂದು ಹುಟ್ಟುತ್ತದೆ. ಮಾದೂನ ಹೊಟ್ಟೆ ತಿಳಿಯಾಗಿತ್ತು. ಇಸಬು ಇದ್ದಲ್ಲಿ ಮಾತ್ರ ಗುಳ್ಳೆ ಎದ್ದಿದ್ದವು. ಎಲ್ಲವೂ ಸಜ್ಜೆಕಾಳಿನ ಹಾಗೆ ಒಂದೇ ಅಳತೆ, ಒಂದೊಂದರ ನಟ್ಟನಡುವೆ ಒಂದು ಕುಳಿ. ಎರಡನೆಯ ದಿನ ಎಲೆ ಬದಲಿಸುವಾಗ ಇದನ್ನೆಲ್ಲ ಕಂಡಳು. ಕಂಡು, ಹೊದಿಕೆ ಎಳೆದು ಮುಚ್ಚಿದಳು. ದೇವರ ಕೋಣೆಗೆ ಹೋಗಿ ಕೂತು, ತಾಯೇ ಇದು ನೀನೇ ಆಗಿರು ಅಂತ ಬೇಡಿಕೊಂಡಳು. ಅಮ್ಮ ಬಾರದಿರಲಿ ಅಂತ ಬೇಡುವ ಹೆಂಗಸರನ್ನು ಕಂಡಿದ್ದೇವೆ. ಅಮ್ಮನೇ ಆಗಿರಲಿ ಅಂತ ಬೇಡಿದವಳು ಇವಳೊಬ್ಬಳೇ ಇರಬೇಕು.

ಗುಳ್ಳೆಗಳು ಒಡೆದವು. ಒಡೆದಲ್ಲೆಲ್ಲ ಹಸಿ ಗಾಯ. ಬಲಗಣ್ಣು ಬಾತು ಮುಚ್ಚಿಕೊಂಡಿತು. ಮಾದೂ ಅಳುವುದನ್ನೂ ನಿಲ್ಲಿಸಿದಳು. ಅವತ್ತು ಅತ್ತೆ ಸ್ನಾನಕ್ಕೆ ಹೋದಾಗ ಕಾಂಚನಾ ಮಗಳ ಮುಖದ ಫೋಟೊ ತೆಗೆದು ಗಂಡನಿಗೆ ಕಳಿಸಿದಳು. ಜೊತೆಗೆ ಒಂದಕ್ಷರವನ್ನೂ ಬರೆಯಲಿಲ್ಲ. ಕಲ್ಮೇಶ ಕಾರ್ಖಾನೆಯ ಬಟ್ಟೆಯಲ್ಲೇ ಬೈಕು ಹತ್ತಿ ಬಂದ. ಬೇವಿನ ತೋರಣ ಸರಿಸಿ ಒಳಗೆ ನುಗ್ಗಿ ಮಗಳನ್ನು ನೋಡಿದ. ಆಮೇಲೆ ದುಪ್ಪಟಿ ಸಮೇತ ಎತ್ತಿಕೊಂಡ.

ಗಂಗಾಂಬಿಕವ್ವ ಬಾಗಿಲಿಗೆ ಅಡ್ಡ ನಿಂತಳು. ಹೊಸ್ತಿಲು ದಾಟಿಸಿದರೆ ತಾಯಿ ಸುಮ್ಮನಿರುವುದಿಲ್ಲ ಅಂದಳು, ದವಾಖಾನೆಯಲ್ಲಿ ಹತ್ತು ಮಂದಿ ನೋಡುತ್ತಾರೆ ಅಂದಳು, ಮಧುಮತಿಯ ಬಾಳು ಅಂದಳು. ಆಗ ಕಾಂಚನಾ ಮುಂದೆ ಬಂದಳು. ಆ ಮನೆಗೆ ಕಾಲಿಟ್ಟ ಮೇಲೆ ಅತ್ತೆಯ ಮುಖ ನೋಡಿ ಆಕೆ ಮಾತಾಡಿದ್ದು ಅದೇ ಮೊದಲು. ದನಿ ಏರಿಸಲಿಲ್ಲ.

"ಅತ್ತಿ, ಮಾದೂ ಒಂದ ರಾತ್ರಿನೂ ಮಲಗಿಲ್ಲ. ಹುಟ್ಟಿದಾಗಿಂದ ಮಲಗಿಲ್ಲ. ನಿಮಗ ಕೇಳಸ್ತಿತ್ತು. ನೀವು ಮಗ್ಗಲಾ ಬದಲ ಮಾಡೂದು ನನಗ ಕೇಳಸ್ತಿತ್ತು."

ಗಂಗಾಂಬಿಕವ್ವ ಬಾಗಿಲು ಬಿಟ್ಟು ಸರಿದಳು. ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ಅವರ ಹಿಂದೆಯೇ ಆಟೊ ಹತ್ತಿದಳು.

ಈ ಸಲ ಮಾದೂನ ಮೈಗೆ ಎಣ್ಣೆ ಇರಲಿಲ್ಲ, ಪೌಡರಿರಲಿಲ್ಲ, ವಿಭೂತಿ ಇರಲಿಲ್ಲ. ಡಾಕ್ಟರು ಶೀತಲ್ ಒಮ್ಮೆ ನೋಡಿದವಳೇ ಆಂಬುಲೆನ್ಸಿಗೆ ಹೇಳಿ ಕಳಿಸಿದಳು. ಅದು ಬರುವಷ್ಟರಲ್ಲಿ ಅಂಗಿ ಪೂರ್ತಿ ತೆಗೆಸಿದಳು. ಬೆನ್ನು ಕಂಡಿತು. ಮಾದೂನ ಅಂಗೈಯನ್ನು ಕಣ್ಣಲ್ಲೇ ಅಳತೆ ಹಿಡಿದು ಬೆನ್ನಿನ ಮೇಲೆ ಎಣಿಸುತ್ತ ಹೋದಳು, ಸೊಂಟದ ಹತ್ತಿರ ಬಂದಾಗ ಎಣಿಸುವುದನ್ನು ಬಿಟ್ಟಳು. ಇದು ಅಮ್ಮನೂ ಅಲ್ಲ, ಬರೀ ಇಸಬೂ ಅಲ್ಲ, ತುಟಿಗೆ ಏಳುವ ಜ್ವರದ ಗುಳ್ಳೆಯ ನಂಜು ಒಡೆದ ಚರ್ಮದಲ್ಲಿ ಇಳಿದು ಹಬ್ಬಿದೆ, ಕಣ್ಣಿನೊಳಕ್ಕೂ ಹೋಗಿರುವ ಹಾಗಿದೆ ಅಂತ ತಿಳಿಸಿ ಹೇಳಿದಳು. ಮನೆಯಲ್ಲಿ ಯಾರಿಗಾದರೂ ತುಟಿಗುಳ್ಳೆ ಎದ್ದಿದ್ದವೇನು ಅಂತ ಕೇಳಿದಳು.

 ಗಂಗಾಂಬಿಕವ್ವನ ತುಟಿಯ ಅಂಚಿನಲ್ಲಿ ಒಣಗಿದ ಕಲೆ ಇನ್ನೂ ಮಾಸಿರಲಿಲ್ಲ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಿನಾ ಕೊಟ್ಟ ಮುದ್ದುಗಳೆಲ್ಲ ಒಟ್ಟಿಗೇ ನೆನಪಾದವು. ಡಾಕ್ಟರಿಗೆ ಕಂಡಿತು.

"ಅದು ಯಾರ ತಪ್ಪೂ ಅಲ್ರಿ ಅವ್ವಾರ. ಅದು ಯಾರಿಗರ ಬರ್ತೈತಿ, ಗೊತ್ತಾಗೂದಿಲ್ಲ. ಆದ್ರ ಅವತ್ತ ನೀವು ಖರೆ ಹೇಳಿದ್ರ, ನಾ ಇದನ್ನ ಸಣ್ಣದಂತ ಬರೀತಿದ್ದಿಲ್ಲ. ಇಷ್ಟ ಒಡದ ಮೈಯಾಗ ಕೂಸಿನ್ನ ಮನಿಗೆ ಕಳಸ್ತಿದ್ದಿಲ್ಲ."

ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಮಾದೂಗೆ ಸಲಾಯಿನ್ ಹಚ್ಚಿದರು. ಪರಚಿಕೊಳ್ಳಬಾರದೆಂದು ಎರಡೂ ಕೈಗೆ ಬಟ್ಟೆ ಸುತ್ತಿದರು. ಜೀವ ಉಳಿಯುವುದೋ ಇಲ್ಲವೋ ಅನ್ನುವ ದಿನಗಳು ದಾಟಿದವು. ನಂಜು ಇಳಿಯಿತು, ಗಾಯ ಮಾಗಿದವು, ಇಸಬಿಗೆ ಸರಿಯಾದ ಔಷಧ ಬಿದ್ದ ಮೇಲೆ ಮಾದೂ ರಾತ್ರಿ ಪೂರ್ತಿ ಮಲಗಿದಳು. ಕಾಂಚನಾ ಆಕೆಯ ಉಸಿರು ಆಡುತ್ತಿದೆಯೋ ಇಲ್ಲವೋ ಅಂತ ಮತ್ತೆ ಮತ್ತೆ ಮೂಗಿಗೆ ಕೈ ಹಿಡಿದು ನೋಡುತ್ತಿದ್ದಳು. ಮಗಳು ಅಷ್ಟು ಹೊತ್ತು ಅಲುಗದೆ ಮಲಗಿದ್ದನ್ನು ಆಕೆ ಕಂಡೇ ಇರಲಿಲ್ಲ.

ಬಲಗಣ್ಣಿನ ಕರಿಗುಡ್ಡೆಯ ಮೇಲೆ ಮಾತ್ರ ಬೂದಿ ಬಣ್ಣದ ಕಲೆಯೊಂದು ಕೂತಿತ್ತು.

ರತ್ನಾಬಾಯಿ ನೋಡಲು ಬಂದಳು. ಕಂಕುಳಲ್ಲಿ ಮೊಮ್ಮಗ ಅಮಿತ ಇದ್ದ. ಅಮ್ಮನಲ್ಲವೆಂದು ಆಕೆಗೆ ಆಗಲೇ ತಿಳಿದಿತ್ತು. ಗಂಗಾಂಬಿಕವ್ವ ಈಗ ಮುಚ್ಚಿಡುವ ತ್ರಾಣವೂ ಇಲ್ಲದೆ, ನಿಮ್ಮ ಹುಡುಗನಿಗೆ ಬೇರೆ ಮನೆ ನೋಡಿಕೊಳ್ಳಿ, ನಮ್ಮ ಮೊಮ್ಮಗಳಿಗೆ ಇಸಬು ಇದೆ ಅಂತ ಬಾಯಿಬಿಟ್ಟು ಹೇಳಿಯೇಬಿಟ್ಟಳು.  ರತ್ನಾಬಾಯಿ ಅಮಿತನ ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದಳು. ಮೊಣಕೈ ಮಡಿಕೆಯಲ್ಲಿ ಅದೇ ಒರಟು, ಅದೇ ಕಲೆ.

"ಅವತ್ತ ಬೆಂಚಿನ ಮ್ಯಾಲೆ ನಾನೂ ಇದಕ್ಕ ಕೂತಿದ್ನಿರಿ. ಬೀಗರ ಆಗೂ ಮಂದಿ ನೀವು, ನೋಡಿದ್ರ ಏನಂತೀರೋ ಅಂತ ನಾನೂ ಇವನ ಮ್ಯಾಲಿನ ಶಾಲ ತಗೀಲಿಲ್ಲ. ನೀವು ಹೊರಗ ಹೋದ ಮ್ಯಾಲೆ ಡಾಕ್ಟರಿಗೆ ಎಲ್ಲಾ ಹೇಳಿದ್ನಿ."

ಇಷ್ಟೇ. ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಹೆದರಿ ಒಂದೇ ರೋಗವನ್ನು ಬಚ್ಚಿಟ್ಟುಕೊಂಡು ಒಂದೇ ಕೋಣೆಯಲ್ಲಿ ಕೂತಿದ್ದರು. ಒಬ್ಬಳಿಗೆ ಮುಂದಿನ ನಂಬರು ಬಂದಿತ್ತು, ಗುರುತಿನವರಿಲ್ಲದ ಕೋಣೆ ಸಿಕ್ಕಿತ್ತು. ಇನ್ನೊಬ್ಬಳಿಗೆ ಸಿಗಲಿಲ್ಲ. ನಿಶ್ಚಯಕ್ಕೆ ಏನೂ ಅಡ್ಡಿಯಿಲ್ಲವೆಂದು ಹೇಳಿ ರತ್ನಾಬಾಯಿ ಎದ್ದು ಹೋದಳು. ಯಾವ ಮಾತಿಗಾಗಿ ಇಷ್ಟೆಲ್ಲ ಆಯಿತೋ ಆ ಮಾತು ಈಗ ಸಿಕ್ಕಿತು. ಗಂಗಾಂಬಿಕವ್ವ ಅದನ್ನು ಮಗಳಿಗೆ ಫೋನು ಮಾಡಿ ಹೇಳಲೂ ಇಲ್ಲ. ಮಂಚದ ಕಬ್ಬಿಣದ ಕಂಬಿಗೆ ಹಣೆ ಹಚ್ಚಿ ಕೂತಳು.

ಮನೆಗೆ ಕಳಿಸುವ ಮುನ್ನ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಅವ್ವಾ, ನೀ ಇಲ್ಲೇ ಇರು ಅಂತ ಕಲ್ಮೇಶ ತಾಯಿಗೆ ಹೇಳಿದ. ಮಾದೂ ಅಜ್ಜಿಯ ಸೆರಗು ಬಿಡಲಿಲ್ಲ. ಹೀಗಾಗಿ ಎಲ್ಲರೂ ಹೋದರು. ಇಲ್ಲಿ ಗಂಗಾಂಬಿಕವ್ವ ಕುರ್ಚಿಯಲ್ಲಿ ಕೂರಲಿಲ್ಲ. ಕಾಂಚನಾಳನ್ನು ಮುಂದೆ ಕೂರಿಸಿ, ತಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು.

ಕಣ್ಣಿನ ಡಾಕ್ಟರು ವಯಸ್ಸಾದ ಮನುಷ್ಯ, ಮೆತ್ತಗಿನ ಮಾತಿನವನು. ದೀಪ ಬಿಟ್ಟು ಬಲಗಣ್ಣನ್ನು ಬಹಳ ಹೊತ್ತು ನೋಡಿದ. ಕಲೆ ಕರಗಿದರೆ ಕರಗೀತು, ಖಾತ್ರಿ ಹೇಳಲಾರೆ, ಈಗ ಎಷ್ಟು ಕಾಣುತ್ತದೆಂದು ಮಗುವೇ ಹೇಳಬೇಕು ಅಂದ. ಆಮೇಲೆ ಮಾದೂನ ಅಂಗೈಯನ್ನೇ ತೆಗೆದು ಆಕೆಯ ಒಳ್ಳೆಯ ಕಣ್ಣಿನ ಮೇಲೆ ಮುಚ್ಚಿದ. ತನ್ನ ಕೈಯನ್ನು ಆಕೆಯ ಮುಖದ ಮುಂದೆ, ಮೂಗಿಗೆ ತಾಗುವಷ್ಟು ಹತ್ತಿರ ತಂದು ಬೆರಳು ಬಿಚ್ಚಿ ಹಿಡಿದ.

"ಏನ ಕಾಣಾಕತ್ತೈತಿ, ಹೇಳವ್ವಾ."

 ಡಾಕ್ಟರು ಕೈ ಅಲ್ಲಾಡಿಸಿ ಮತ್ತೆ ಕೇಳಿದ. ಕಾಂಚನಾ ಮಗಳನ್ನೇ ನೋಡುತ್ತಿದ್ದಳು. ಅಂಗೈ ಕಣ್ಣಿನ ಮೇಲೆ ಇಟ್ಟುಕೊಂಡೇ ಮಾದೂ ಮುಖ ತಿರುಗಿಸಿದಳು. ಗಂಗಾಂಬಿಕವ್ವ ಬಾಗಿಲ ಹತ್ತಿರ ನಿಂತಿದ್ದಳು, ಮಾದೂ ತಿರುಗಿದ್ದು ಕಿಟಕಿಯ ಕಡೆಗೆ.

"ಆಯೀ, ಎಲ್ಲಿದ್ದೀಬೇ?" ಅಂದಳು. "ಡಾಕ್ಟರ್ ಕೇಳಾಕತ್ತಾರ. ಹೇಳು."